ಮಾರುಕಟ್ಟೆಯ ನಿಯಮ ಯಾರಿಗೆ ಅನ್ವಯ?

ಸರಕಾರವು ಆರ್ಥಿಕ ರಂಗದಿಂದ ಹಿಂದೆ ಸರಿದರೆ ಉದ್ಯೋಗಗಳು ತಾವಾಗಿಯೇ ಸೃಷ್ಟಿಯಾಗುತ್ತವೆ ಎಂಬುದು ಮುಕ್ತ ಮಾರುಕಟ್ಟೆಯ ಪ್ರತಿಪಾದಕರ ಹಳೆಯ ವಾದ. ಇದನ್ನು ಬಂಡವಾಳಶಾಹಿಗಳ ತುತ್ತೂರಿಯೆಂದು ಜರೆಯುವವರು ಅನೇಕರಿದ್ದಾರೆ. ಆದರೆ ಕೇಂದ್ರೀಯ ಬ್ಯಾಂಕುಗಳ ಕುರಿತು ಅವರೆತ್ತುವ ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದೆಂಬುದು ನಮ್ಮ ಅಭಿಮತ.

ಅಕ್ಕಿಯ ಬೆಲೆಯನ್ನು ಸರಕಾರ ನಿಗದಿಪಡಿಸಕೂಡದೆಂದಾದರೆ, ಹಣದ ಬೆಲೆಯಾದ ಬಡ್ಡಿದರವನ್ನು ಬೆರಳೆಣಿಕೆಯ ಅಧಿಕಾರಿಗಳು ನಿರ್ಧರಿಸುವುದೇಕೆ? ಇದು ಹಯೆಕ್‌ರ ಅನುಯಾಯಿಗಳ ಪ್ರಶ್ನೆ. ಅಮೆರಿಕದ ಅನುಭವ ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. 2000ದ ಕೊನೆಯಲ್ಲಿ ಶೇ. 6.5ರಷ್ಟಿದ್ದ ದರವನ್ನು ಅಲ್ಲಿನ ಫೆಡರಲ್ ರಿಸರ್ವ್ 2003ರ ಜೂನ್‌ನಲ್ಲಿ ಶೇ. 1ಕ್ಕೆ ಇಳಿಸಿ, ಒಂದು ವರ್ಷ ಅಲ್ಲಿಯೇ ಇರಿಸಿತು. ಅಗ್ಗದ ಹಣ ಗೃಹಸಾಲದತ್ತ ಹರಿಯಿತು. ತೀರಿಸುವ ಶಕ್ತಿಯಿಲ್ಲದವರಿಗೂ ಸಾಲ ನೀಡಿ, ಆ ಸಾಲಗಳನ್ನೇ ಕಂತೆಕಟ್ಟಿ ಮಾರಲಾಯಿತು. 2006ರ ಜೂನ್ ವೇಳೆಗೆ ದರ ಶೇ. 5.25ಕ್ಕೇರಿತು, ಕಂತು ಕಟ್ಟಲಾಗದವರ ಮನೆಗಳು ಜಪ್ತಿಯಾಗತೊಡಗಿದವು. 2008ರ ಸೆಪ್ಟೆಂಬರ್ 15ರಂದು ಲೆಹ್ಮನ್ ಬ್ರದರ್ಸ್ ದಿವಾಳಿಯೆದ್ದಿತು.

ವಿಪರ್ಯಾಸವೆಂದರೆ, ಅಂದು ಫೆಡರಲ್ ರಿಸರ್ವ್‌ನ ಚುಕ್ಕಾಣಿ ಹಿಡಿದಿದ್ದ ಅಲನ್ ಗ್ರೀನ್‌ಸ್ಪಾನ್ ಸ್ವತಃ ಮುಕ್ತ ಮಾರುಕಟ್ಟೆಯ ಕಟ್ಟಾ ಆರಾಧಕರು. ನಿಯಂತ್ರಣವೇ ಬೇಡವೆನ್ನುತ್ತಿದ್ದವರು ಹಣದ ನಲ್ಲಿಯನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು! ತಮ್ಮ ಸಿದ್ಧಾಂತದಲ್ಲಿ ದೋಷವಿತ್ತೆಂದು 2008ರ ಅಕ್ಟೋಬರ್‌ನಲ್ಲಿ ಸಂಸದೀಯ ಸಮಿತಿಯ ಮುಂದೆ ಅವರು ಒಪ್ಪಿಕೊಂಡರು.

ನಷ್ಟಕ್ಕೆ ಕಾರಣನಾದವನೇ ನಷ್ಟವನ್ನು ಹೊರಬೇಕೆಂಬುದು ಮಾರುಕಟ್ಟೆಯ ಮೂಲ ನಿಯಮವಲ್ಲವೇ? ಆದರೆ ಅದೇ ಅಕ್ಟೋಬರ್‌ನಲ್ಲಿ, ಬ್ಯಾಂಕುಗಳನ್ನು ಕಾಪಾಡಲೆಂದು 70,000 ಕೋಟಿ ಡಾಲರ್‌ಗಳ ಯೋಜನೆಗೆ ಅಂಗೀಕಾರ ದೊರೆಯಿತು. ರಾನ್ ಪಾಲ್‌ರಂತಹವರು ಅದನ್ನು ವಿರೋಧಿಸಿ ತಮ್ಮ ತತ್ವಕ್ಕೆ ನಿಷ್ಠರಾಗಿ ಉಳಿದರು. ಅವರ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ.

ನಮ್ಮ ಭಿನ್ನಮತವಿರುವುದು ಉದ್ಯೋಗದ ವಿಷಯದಲ್ಲಿ. 2009ರ ಫೆಬ್ರವರಿಯಲ್ಲಿ ಒಬಾಮಾ ಸರಕಾರ 78,700 ಕೋಟಿ ಡಾಲರ್‌ಗಳ ಉತ್ತೇಜನ ಯೋಜನೆ ತಂದಿತು. ಅದು ಜಾರಿಯಾದರೆ ನಿರುದ್ಯೋಗ ಶೇ. 8ರ ಆಸುಪಾಸಿನಲ್ಲಿ ನಿಲ್ಲುವುದೆಂದು ಅವರ ಸಲಹೆಗಾರರು ಜನವರಿಯಲ್ಲಿ ಅಂದಾಜಿಸಿದ್ದರು. ಅಕ್ಟೋಬರ್‌ನಲ್ಲಿ ಅದು ಶೇ. 10ಕ್ಕೆ ತಲುಪಿತು. ಸರಕಾರಿ ವೆಚ್ಚ ವ್ಯರ್ಥವೆಂಬುದಕ್ಕೆ ಇದೇ ಪುರಾವೆ ಎಂದರು ಟೀಕಾಕಾರರು. ಕುಸಿತದ ಆಳ ಅಂದಾಜಿನ ವೇಳೆಗೆ ತಿಳಿದಿರಲಿಲ್ಲವೆಂಬುದನ್ನು ಅವರು ಮರೆತರು. ಕೂಲಿಯು ಇಳಿಯಲಿ, ಆಗ ಕೆಲಸ ತಾನಾಗಿಯೇ ಸಿಗುವುದೆಂಬುದು ಈ ಪಂಥದ ಹಳೆಯ ಔಷಧಿ. ಆದರೆ ಕೂಲಿ ಇಳಿದಾಕ್ಷಣ ಕಾರ್ಮಿಕನ ಮನೆಸಾಲದ ಕಂತು ಇಳಿಯುವುದಿಲ್ಲ. ಬಡ್ಡಿದರವನ್ನು ನಿಗದಿಪಡಿಸಿದವನೂ ಅವನಲ್ಲ, ಸಾಲದ ಕಂತೆಗಳನ್ನು ಮಾರಿ ಲಾಭ ಗಳಿಸಿದವನೂ ಅವನಲ್ಲ. ಬ್ಯಾಂಕುಗಳಿಗೆ ವಿನಾಯಿತಿ ದೊರೆತ ಮೇಲೂ ಮಾರುಕಟ್ಟೆಯ ಶಿಸ್ತನ್ನು ಅವನೊಬ್ಬನ ಮೇಲೆಯೇ ಹೇರುವುದು ಯಾವ ನ್ಯಾಯ?