ಹೊರಡಿ ಎಂದರೆ ಸಾಲದು, ಹೊರಡಲು ದಾರಿ ಕೊಡಿ

ಹೊರದೇಶದ ಯುದ್ಧದಲ್ಲಿ ಭಾರತೀಯರು ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಮೊದಲೇ ಎಚ್ಚರಿಸಿದ್ದರಲ್ಲ, ಆಗಲೇ ಬರಬೇಕಿತ್ತು’. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದಾಗ, ಆ ಮನೆಯ ಅಳು ನಿಲ್ಲುವ ಮೊದಲೇ ಈ ಮಾತು ಬಂತು. ಸುಡಾನ್, ಇಸ್ರೇಲ್, ಇರಾನ್ ಎಂದು ದೇಶ ಬದಲಾದರೂ ಮಾತು ಬದಲಾಗಲಿಲ್ಲ. ಇದು ಅನ್ಯಾಯದ ಮಾತು. ಹೊರಡಲು ಬೇಕಾದ ಯಾವ ಆಸರೆಯನ್ನೂ ಕೊಡದೆ, ಹೊರಡಲಿಲ್ಲ ಎಂದು ದೂರುವ ಹಕ್ಕು ಯಾರಿಗೂ ಇಲ್ಲ.

ಉಕ್ರೇನಿನಲ್ಲಿ ಏನಾಯಿತು ಎಂಬುದನ್ನು ದಿನಾಂಕಗಳ ಸಮೇತ ನೋಡೋಣ. ಕೀವ್‌ನಲ್ಲಿದ್ದ ನಮ್ಮ ರಾಯಭಾರ ಕಚೇರಿಯ ಮೊದಲ ಸಲಹೆ ಹೊರಬಿದ್ದದ್ದು ಫೆಬ್ರುವರಿ 15ರಂದು. ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಶೀಲಿಸಬಹುದು ಎಂದಷ್ಟೇ ಅದು ಹೇಳಿತ್ತು. ಆ ಹೊತ್ತಿನಲ್ಲಿ ಕೋವಿಡ್ ಕಾಲದ ‘ಏರ್ ಬಬಲ್’ ನಿರ್ಬಂಧ ಇನ್ನೂ ಜಾರಿಯಲ್ಲಿತ್ತು. ಉಭಯ ದೇಶಗಳ ನಡುವಿನ ವಿಮಾನಗಳ ಸಂಖ್ಯೆಗೆ ಮಿತಿ ಇತ್ತು. ಆ ಮಿತಿ ತೆಗೆದದ್ದು 17ರಂದು. 20ರಂದು ಎರಡನೇ ಸಲಹೆ ಬಂತು. ಲಭ್ಯವಿರುವ ವಿಮಾನ ಹಿಡಿಯಿರಿ, ಚಾರ್ಟರ್ ವಿಮಾನದ ಮಾಹಿತಿಗೆ ವಿದ್ಯಾರ್ಥಿ ಕಾಂಟ್ರಾಕ್ಟರ್‌ಗಳನ್ನು, ಅಂದರೆ ಪ್ರವೇಶ ಕೊಡಿಸಿದ ಮಧ್ಯವರ್ತಿಗಳನ್ನು, ಸಂಪರ್ಕಿಸಿ ಎಂದು ಅದರಲ್ಲಿತ್ತು. 22ರಂದು ಮೂರನೆಯದು: ಆನ್‌ಲೈನ್ ತರಗತಿಯ ಬಗ್ಗೆ ವಿಶ್ವವಿದ್ಯಾಲಯದ ಉತ್ತರಕ್ಕೆ ಕಾಯಬೇಡಿ, ಹೊರಡಿ. 24ರ ಬೆಳಗಿನ ಜಾವ ರಷ್ಯಾ ದಾಳಿ ಶುರುಮಾಡಿತು, ಉಕ್ರೇನ್ ತನ್ನ ವಾಯುಪ್ರದೇಶ ಮುಚ್ಚಿತು. ಅಂದು ಕೀವ್‌ನತ್ತ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ಮರಳಿತು.

ಮೊದಲ ಸಲಹೆಗೂ ಮೊದಲ ಬಾಂಬಿಗೂ ನಡುವೆ ಸಿಕ್ಕದ್ದು ಒಂಬತ್ತು ದಿನ. ಅಲ್ಲಿದ್ದ ಭಾರತೀಯರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಏರ್ ಇಂಡಿಯಾ ಗೊತ್ತುಮಾಡಿದ್ದು ಮೂರು ವಿಶೇಷ ವಿಮಾನ; ಅವುಗಳಲ್ಲಿ ಜನರನ್ನು ಕರೆತರಲು ಆದದ್ದು 22ರ ಒಂದಕ್ಕೆ ಮಾತ್ರ. ಉಳಿದ ವಿಮಾನಗಳ ಟಿಕೆಟ್ ದರ ದುಪ್ಪಟ್ಟಿಗೂ ಮೇಲೆ ಹೋಗಿತ್ತು ಎಂದು ವಿದ್ಯಾರ್ಥಿಗಳು ಆಗಲೇ ಹೇಳಿಕೊಂಡಿದ್ದರು. ಇಷ್ಟರ ನಡುವೆಯೂ ಸುಮಾರು ನಾಲ್ಕು ಸಾವಿರ ಮಂದಿ ಹೊರಟು ಬಂದರು. ಉಳಿದವರೆಲ್ಲ ಮೊಂಡರು, ಹುಂಬರು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಆ ದಿನಗಳಲ್ಲಿ ಯುದ್ಧ ಆಗಿಯೇ ಆಗುತ್ತದೆ ಎಂದು ಅಲ್ಲಿನ ಅಧ್ಯಕ್ಷರೇ ಹೇಳುತ್ತಿರಲಿಲ್ಲ. ಗಾಬರಿ ಹುಟ್ಟಿಸಬೇಡಿ ಎಂದು ಝೆಲೆನ್‌ಸ್ಕಿ ಜನವರಿ ಕೊನೆಯಲ್ಲಿ ಪಾಶ್ಚಾತ್ಯ ದೇಶಗಳನ್ನು ಕೇಳಿಕೊಂಡಿದ್ದರು. ನಮ್ಮ ಮೊದಲ ಸಲಹೆ ಬಂದ ದಿನವೇ ರಷ್ಯಾ ತನ್ನ ಕೆಲವು ತುಕಡಿಗಳು ನೆಲೆಗೆ ಮರಳುತ್ತಿವೆ ಎಂದು ಪ್ರಕಟಿಸಿತ್ತು. ಇನ್ನೊಂದೆಡೆ ಅಮೆರಿಕ ತನ್ನ ನಾಗರಿಕರಿಗೆ 48 ಗಂಟೆಯೊಳಗೆ ಹೊರಡಿ ಎಂದಿತ್ತು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರೇ ಮಾರ್ಚ್ 15ರಂದು ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡರು. ಪರಸ್ಪರ ವಿರುದ್ಧವಾದ ಸೂಚನೆಗಳು ಗೊಂದಲ ಹುಟ್ಟಿಸಿದ್ದವು, ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಬಿಡಲು ಹಿಂಜರಿದವು, ಆನ್‌ಲೈನ್ ತರಗತಿಗೆ ಮನಸ್ಸು ಮಾಡಲಿಲ್ಲ ಎಂಬುದು ಅವರ ಮಾತಿನ ಸಾರ. ದೇಶದ ಗುಪ್ತಚರ ವ್ಯವಸ್ಥೆ, ರಾಜತಾಂತ್ರಿಕರ ಪಡೆ ಎಲ್ಲ ಇಟ್ಟುಕೊಂಡ ಸರ್ಕಾರಕ್ಕೇ ಸ್ಪಷ್ಟವಾಗದ್ದು ಹಾಸ್ಟೆಲಿನಲ್ಲಿದ್ದ ಇಪ್ಪತ್ತರ ಹುಡುಗಿಗೆ ಸ್ಪಷ್ಟವಾಗಬೇಕಿತ್ತು ಎನ್ನುವುದು ಯಾವ ನ್ಯಾಯ?

ಇದಕ್ಕಿಂತ ದೊಡ್ಡ ವಿರೋಧಾಭಾಸ ನಮ್ಮ ಮನೆಯೊಳಗೇ ಇತ್ತು. ಪೂರ್ತಿ ಆನ್‌ಲೈನ್‌ನಲ್ಲಿ ಮಾಡಿದ ವೈದ್ಯಕೀಯ ಕೋರ್ಸಿಗೆ ಮಾನ್ಯತೆ ಇಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ಫೆಬ್ರುವರಿ 8ರಂದು, ಚೀನಾಕ್ಕೆ ಮರಳಲಾಗದೆ ಉಳಿದಿದ್ದ ವಿದ್ಯಾರ್ಥಿಗಳ ವಿಚಾರದಲ್ಲಿ ಹೇಳಿತ್ತು. ವಿದೇಶದಲ್ಲಿ ಓದುವವರು ಕನಿಷ್ಠ 54 ತಿಂಗಳು ಒಂದೇ ಸಂಸ್ಥೆಯಲ್ಲಿ ಕಲಿಯಬೇಕು ಎಂಬ ನಿಯಮವನ್ನು ಆಯೋಗ ಹಿಂದಿನ ವರ್ಷವಷ್ಟೇ ತಂದಿತ್ತು. ಅಂದರೆ ನಮ್ಮದೇ ಒಂದು ಸಂಸ್ಥೆ ತರಗತಿ ಬಿಟ್ಟರೆ ಪದವಿ ಹೋಗುತ್ತದೆ ಎಂದ ಒಂದೇ ವಾರಕ್ಕೆ ಇನ್ನೊಂದು ಸಂಸ್ಥೆ ತರಗತಿ ಬಿಟ್ಟು ಬನ್ನಿ ಎಂದಿತು. ‘ಈ ಅವಧಿಯ ಹಾಜರಾತಿಗೆ ತೊಂದರೆ ಆಗದು’ ಎಂಬ ಒಂದು ಸಾಲನ್ನು ಆಯೋಗದಿಂದ ಬರೆಸಿ ಆ ಸಲಹೆಯ ಜೊತೆಗಿಟ್ಟಿದ್ದರೆ ಸಾವಿರಾರು ಮಕ್ಕಳು ಅಂದೇ ಪೆಟ್ಟಿಗೆ ಕಟ್ಟುತ್ತಿದ್ದರು. ಆ ಸಾಲನ್ನು ಯಾರೂ ಬರೆಯಲಿಲ್ಲ.

ಈ ಮಕ್ಕಳ ಬೆನ್ನ ಹಿಂದೆ ಇದ್ದವರು ಯಾರು ಎಂಬುದೂ ಗೊತ್ತಿರುವ ಸಂಗತಿಯೇ. ಆಗ ನೀಟ್ ಬರೆಯುತ್ತಿದ್ದವರು 15 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟುಗಳು ಒಂದು ಲಕ್ಷವೂ ಇರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಳಿ ಹಿಂದೆ ಸರಿದ ಶಿಕ್ಷಕರು, ರೈತರು, ಸಣ್ಣ ವ್ಯಾಪಾರಿಗಳು ಬ್ಯಾಂಕಿನಲ್ಲಿ ಸಾಲ ಮಾಡಿಯೋ ಹೊಲ ಅಡವಿಟ್ಟೋ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದರು. ಇಂಥ ಮನೆಯ ಹುಡುಗ ದುಪ್ಪಟ್ಟು ದರದ ಟಿಕೆಟಿಗೆ ಅಪ್ಪನಿಗೆ ಫೋನ್ ಮಾಡುವ ಮುನ್ನ ಹತ್ತು ಬಾರಿ ಯೋಚಿಸುತ್ತಾನೆ. ಯುದ್ಧ ಆಗದೇ ಹೋದರೆ? ಹಾಜರಾತಿ ಹೋಗಿ ಒಂದು ವರ್ಷ ನಷ್ಟವಾದರೆ? ಆ ವರ್ಷದ ಶುಲ್ಕವನ್ನು ಮತ್ತೆ ಯಾರು ಕಟ್ಟುತ್ತಾರೆ? ವಿದೇಶದಲ್ಲಿ ಓದಿದವರಲ್ಲಿ ಶೇ 90ರಷ್ಟು ಮಂದಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಆ ದಿನಗಳಲ್ಲೇ ಹೇಳಿದ್ದರು. ಆ ಹೊತ್ತಿಗೆ ಬೇಡವಾಗಿದ್ದ ಮಾತು ಅದು. ನೆಲಮಾಳಿಗೆಯಲ್ಲಿ ಅಡಗಿ ಕೂತವರ ಅಂಕಪಟ್ಟಿಗೂ ಅವರ ಜೀವಕ್ಕೂ ಸಂಬಂಧವಿಲ್ಲ.

ಅವರನ್ನು ಅಲ್ಲಿ ಕಟ್ಟಿಹಾಕಿದ್ದು ಹುಂಬತನವಲ್ಲ ಎಂಬುದಕ್ಕೆ ಮುಂದೆ ನಡೆದದ್ದೇ ಸಾಕ್ಷಿ. ಮರಳಿ ಬಂದವರಿಗೆ ಇಲ್ಲಿನ ಕಾಲೇಜುಗಳಲ್ಲಿ ಸ್ಥಳ ಕೊಡಲಾಗದು ಎಂದು ಕೇಂದ್ರ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿತು. ಪದವಿ ಉಳಿಸಿಕೊಳ್ಳಲು ಕೆಲವರು ಯುದ್ಧ ನಡೆಯುತ್ತಿದ್ದ ಅದೇ ಉಕ್ರೇನಿಗೆ ಮರಳಿದರು. ಅಕ್ಟೋಬರ್ 19ರಂದು ರಾಯಭಾರ ಕಚೇರಿ ಮತ್ತೆ ಹೇಳಿತು: ವಿದ್ಯಾರ್ಥಿಗಳೂ ಸೇರಿ ಎಲ್ಲ ಭಾರತೀಯರು ಕೂಡಲೇ ಹೊರಡಿ. ಒಮ್ಮೆ ಬಾಂಬ್ ದಾಳಿ ಕಂಡು ಬಂದವರೇ ಮತ್ತೆ ಅಲ್ಲಿಗೆ ಹೋಗುತ್ತಾರೆಂದರೆ, ಅವರನ್ನು ದೂಡಿದ ಕೈ ಯಾವುದೆಂದು ಕೇಳಿಕೊಳ್ಳಬೇಕು.

ಕಾರ್ಮಿಕರ ಪಾಡು ಇನ್ನೂ ಬಿಗಿ. 2024ರ ಆರಂಭದಲ್ಲಿ ಇಸ್ರೇಲಿನ ಕಟ್ಟಡ ಕೆಲಸಕ್ಕೆಂದು ಹರಿಯಾಣ, ಉತ್ತರ ಪ್ರದೇಶಗಳಲ್ಲಿ ನೇಮಕಾತಿ ನಡೆಯಿತು. ಗಾಜಾ ಯುದ್ಧ ಶುರುವಾಗಿ ಆಗಲೇ ತಿಂಗಳುಗಳಾಗಿದ್ದವು. ಎರಡು ಸರ್ಕಾರಗಳ ಒಪ್ಪಂದದಡಿ ಮೊದಲ ತಂಡ ಏಪ್ರಿಲ್ 2ರಂದು ಹೊರಟಿತು. ಹತ್ತು ದಿನಕ್ಕೆ, ಏಪ್ರಿಲ್ 12ರಂದು, ಇರಾನ್ ಮತ್ತು ಇಸ್ರೇಲಿಗೆ ಹೋಗಬೇಡಿ ಎಂದು ವಿದೇಶಾಂಗ ಸಚಿವಾಲಯ ಸಲಹೆ ನೀಡಿತು. ಒಪ್ಪಂದ ಮಾಡಿ ಕಳಿಸಿದವರೇ ಹೀಗೆ ಹೇಳಿದರೆ, ಆಗಷ್ಟೇ ಅಲ್ಲಿ ಇಳಿದ ಮೇಸ್ತ್ರಿ ಯಾವ ಮಾತು ನಂಬಬೇಕು? ಕೊಲ್ಲಿ ದೇಶಗಳಲ್ಲಿ ವೀಸಾವೇ ಮಾಲೀಕನ ಕೈಯಲ್ಲಿರುವಾಗ, ಎಷ್ಟೋ ಕಡೆ ಪಾಸ್‌ಪೋರ್ಟ್ ಕೂಡ ಅವನ ಬೀರುವಿನಲ್ಲಿರುವಾಗ, ಕೆಲಸಗಾರ ಹೊರಡುವ ತೀರ್ಮಾನ ಮಾಡುವುದು ಹೇಗೆ?

ನಮ್ಮ ಹಕ್ಕಿಪಿಕ್ಕಿ ಜನರ ಕಥೆ ಕನ್ನಡಿಗರಿಗೆ ನೆನಪಿರಬೇಕು. ಗಿಡಮೂಲಿಕೆ ಎಣ್ಣೆ ಮಾರಲು ಸುಡಾನಿಗೆ ಹೋಗಿದ್ದವರು 2023ರ ಏಪ್ರಿಲ್ 15ರಂದು ಕಾಳಗ ಹೊತ್ತಿಕೊಂಡಾಗ ರಾಜಧಾನಿ ಖಾರ್ಟೂಮ್‌ನಿಂದ ನೂರಾರು ಕಿಲೋಮೀಟರ್ ದೂರದ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದರು. ಅವರಿಗೆ ಮುನ್ಸೂಚನೆಯೇ ಇರಲಿಲ್ಲ. ರಾಜ್ಯದಲ್ಲಿ ಆಗ ವಿಧಾನಸಭಾ ಚುನಾವಣೆಯ ಹೊತ್ತು. ಇವರನ್ನು ಕರೆತರುವ ವಿಚಾರದಲ್ಲಿ ಕಾಂಗ್ರೆಸ್ ನಾಯಕ ಸಿದ್ದರಾಮಯ್ಯ ಮತ್ತು ಜೈಶಂಕರ್ ಅವರ ನಡುವೆ ಟ್ವಿಟರ್‌ನಲ್ಲಿ ನಡೆದ ಜಟಾಪಟಿ ಸುದ್ದಿಯಾಯಿತು. ‘ಆಪರೇಷನ್ ಕಾವೇರಿ’ಯಲ್ಲಿ ಜನ ಮರಳಿದ ಮೇಲೆ ಗದ್ದಲ ಅಡಗಿತು. ಅಂಥ ಜಾಗಕ್ಕೆ ಹೋಗುವವರ ಹೆಸರು, ವಿಳಾಸ, ಫೋನ್ ಸಂಖ್ಯೆ ಮೊದಲೇ ಸರ್ಕಾರದ ಬಳಿ ಇರಲು ಏನು ಮಾಡಬೇಕು ಎಂಬ ಮುಖ್ಯ ಪ್ರಶ್ನೆ ಚುನಾವಣೆ ಮುಗಿಯುವ ಮೊದಲೇ ಮರೆತುಹೋಯಿತು.

ಕರೆತರುವುದರಲ್ಲಿ ಭಾರತ ಹಿಂದೆ ಬಿದ್ದಿಲ್ಲ, ಅದನ್ನು ಮನಸಾರೆ ಒಪ್ಪುತ್ತೇನೆ. 1990ರಲ್ಲಿ ಕುವೈತಿನಿಂದ ಲಕ್ಷಕ್ಕೂ ಹೆಚ್ಚು ಜನರನ್ನು ಏರ್ ಇಂಡಿಯಾ ಅಮ್ಮಾನ್ ಮೂಲಕ ತಂದದ್ದು ಜಗತ್ತು ನೆನಪಿಡುವ ಸಾಹಸ. ಉಕ್ರೇನಿನಲ್ಲಿದ್ದವರನ್ನು ಕರೆತಂದ ‘ಆಪರೇಷನ್ ಗಂಗಾ’ದ 90 ವಿಮಾನಗಳಲ್ಲಿ ದುಡಿದ ಸಿಬ್ಬಂದಿಗೆ, ಗಡಿಗಳಲ್ಲಿ ಹಗಲಿರುಳು ನಿಂತ ಅಧಿಕಾರಿಗಳಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೇ ನಮ್ಮ ನೀತಿಯಾಗಬಾರದು. ದಾಳಿಯ ನಂತರದ ವಿಮಾನಕ್ಕೆ ಸರ್ಕಾರ ಹಣ ಕೊಡುತ್ತದೆ; ದಾಳಿಯ ಮೊದಲಿನ ವಿಮಾನಕ್ಕೆ ವಿದ್ಯಾರ್ಥಿಯೇ ದುಪ್ಪಟ್ಟು ಕೊಡಬೇಕು. ಈ ವ್ಯವಸ್ಥೆ ಕಾಯುವವರನ್ನೇ ಸೃಷ್ಟಿಸುತ್ತದೆ.

ಸುಳ್ಳು ಭೀತಿಗೆಲ್ಲ ತೆರಿಗೆದಾರರ ಹಣ ಸುರಿಯಲಾದೀತೇ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಫಿಲಿಪ್ಪೀನ್ಸ್‌ನಲ್ಲಿದೆ. ನಮಗಿಂತ ಚಿಕ್ಕ ಆ ದೇಶ ಅಪಾಯವನ್ನು ನಾಲ್ಕು ಹಂತಗಳಲ್ಲಿ ಘೋಷಿಸುತ್ತದೆ. ಮೂರನೇ ಹಂತದಲ್ಲಿ ಬಯಸಿದವರನ್ನು, ನಾಲ್ಕನೆಯದರಲ್ಲಿ ಎಲ್ಲರನ್ನೂ ಸರ್ಕಾರವೇ ಕರೆತರುತ್ತದೆ. ಅದಕ್ಕೆ ಕಾರ್ಮಿಕರ ಹೆಸರಿನಲ್ಲಿ ತಲಾ 25 ಡಾಲರ್ ಸಂಗ್ರಹಿಸುವ ಕಲ್ಯಾಣ ನಿಧಿಯಿದೆ. ಕೈಯಲ್ಲಿ ಕಾಸಿಲ್ಲದ ತನ್ನ ನಾಗರಿಕರಿಗೆ ಅಮೆರಿಕ ಮರುಪಾವತಿಯ ಕರಾರಿನ ಮೇಲೆ ಸಾಲ ಕೊಡುತ್ತದೆ. ನಮ್ಮಲ್ಲೂ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅನಿವಾಸಿಗಳು ರಾಯಭಾರ ಕಚೇರಿಯ ಸೇವೆಗಳಿಗೆ ಕಟ್ಟುವ ಶುಲ್ಕದಿಂದಲೇ ಅದು ಬೆಳೆದಿದೆ. ಯುದ್ಧ ಶುರುವಾದ ಮೇಲೆ ಜನರನ್ನು ತೆರವುಗೊಳಿಸಲು ಅದನ್ನು ಬಳಸಿದ ಉದಾಹರಣೆಗಳಿವೆ. ಅವರದೇ ಹಣವನ್ನು ಒಂದು ವಾರ ಮೊದಲು ಖರ್ಚು ಮಾಡಿದರೆ ಯಾರಿಗೂ ನಷ್ಟವಿಲ್ಲ.

ಬೆಳೆದವರು ತಮ್ಮ ತೀರ್ಮಾನಕ್ಕೆ ತಾವೇ ಹೊಣೆ ಎಂಬ ವಾದವೂ ಇದೆ. ಎರಡು ದಾರಿಗಳು ತೆರೆದಿದ್ದಾಗ ಆ ಮಾತು ಸರಿ. ಒಂದು ದಾರಿಗೆ ಸಾಲ, ಪದವಿ, ನೌಕರಿ ಮೂರನ್ನೂ ಅಡ್ಡ ಇಟ್ಟು, ಆಯ್ಕೆ ನಿನ್ನದು ಎನ್ನುವುದು ಹೊಣೆಯನ್ನು ಕಳಚಿಕೊಳ್ಳುವ ಉಪಾಯ. ಟಿಕೆಟ್, ಹಾಜರಾತಿಯ ಖಾತರಿ, ಮರಳಿ ಸೇರುವ ಹಕ್ಕು ಎಲ್ಲ ಕೊಟ್ಟ ಮೇಲೂ ಒಬ್ಬ ಉಳಿದರೆ ಆಗ ಆ ಹೊಣೆ ಅವನದು. ಅಲ್ಲಿಯವರೆಗೆ ಅದು ನಮ್ಮೆಲ್ಲರದು.

ಹಾಗಾಗಿ ಕೇಳಬೇಕಾದದ್ದು ಸ್ಪಷ್ಟ. ಹೊರಡಿ ಎಂಬ ಸಲಹೆ ಬಂದ ದಿನದಿಂದಲೇ ವಿಮಾನ ದರಕ್ಕೆ ಮಿತಿ ಹಾಕಲಿ, ಇಲ್ಲದವರಿಗೆ ಕಲ್ಯಾಣ ನಿಧಿಯಿಂದ ಟಿಕೆಟ್ ಅಥವಾ ಸಾಲ ಸಿಗಲಿ. ಆ ಅವಧಿಯ ತರಗತಿ, ಹಾಜರಾತಿಗೆ ವೈದ್ಯಕೀಯ ಆಯೋಗದಂಥ ಸಂಸ್ಥೆಗಳು ತಾವಾಗಿಯೇ ಮಾನ್ಯತೆ ನೀಡುವ ನಿಯಮ ಬರಲಿ. ಶಿಕ್ಷಣ ಸಾಲದ ಕಂತಿಗೆ ಬಿಡುವು ಇರಲಿ. ಕಾರ್ಮಿಕರನ್ನು ಕಳಿಸುವ ಪ್ರತಿ ಒಪ್ಪಂದದಲ್ಲೂ ಯುದ್ಧ ಭೀತಿಯಲ್ಲಿ ದಂಡವಿಲ್ಲದೆ ಕೆಲಸ ಬಿಟ್ಟು ಬರುವ, ಪಾಸ್‌ಪೋರ್ಟ್ ತನ್ನ ಬಳಿಯೇ ಇಟ್ಟುಕೊಳ್ಳುವ ಹಕ್ಕು ಬರೆದಿರಲಿ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆ ಮಾಡಿಕೊಂಡಿತು. ಕರ್ನಾಟಕವೂ ಹಾವೇರಿಯ ವಿದ್ಯಾರ್ಥಿಯಿಂದ ಹಿಡಿದು ಹಕ್ಕಿಪಿಕ್ಕಿ ವ್ಯಾಪಾರಿಯವರೆಗೆ ಹೊರಗೆ ಹೋದ ಪ್ರತಿಯೊಬ್ಬರ ಲೆಕ್ಕ ಇಡುವ, ರಾತ್ರಿ ಕರೆದರೂ ಓಗೊಡುವ ಇಲಾಖೆಯೊಂದನ್ನು ಕಟ್ಟಲಿ.

ಮುಂದಿನ ಯುದ್ಧ ಎಲ್ಲಿ ಎಂದು ಗೊತ್ತಿಲ್ಲ, ಅಲ್ಲಿ ನಮ್ಮವರು ಇರುತ್ತಾರೆ ಎಂಬುದು ಗೊತ್ತು. ಅಂದು ರಾಯಭಾರ ಕಚೇರಿಯ ಸಲಹೆ ಹೊರಬಿದ್ದಾಗ ಅದರ ಜೊತೆ ಟಿಕೆಟ್ ಎಷ್ಟು, ಖಾತರಿ ಏನು ಎಂದು ನಮ್ಮ ಸಂಸದರು, ಶಾಸಕರು, ಪತ್ರಿಕೆಗಳು ಆ ದಿನವೇ ಕೇಳಬೇಕು. ಆ ಪ್ರಶ್ನೆ ಕೇಳದವರು, ಮುಂದೆ ಯಾವುದೋ ಮನೆಯ ಮುಂದೆ ನಿಂತು ‘ಮೊದಲೇ ಬರಬೇಕಿತ್ತು’ ಎನ್ನುವ ನೈತಿಕ ಹಕ್ಕನ್ನು ಕಳೆದುಕೊಂಡಿರುತ್ತಾರೆ.