ಲೆಕ್ಕಕ್ಕೆ ಸಿಗದ ವಾಚ್‌ಮನ್

ಜೂನ್ ಬಂತೆಂದರೆ ಮುಂಬಯಿಯಲ್ಲಿ ಎರಡು ತಪ್ಪುವುದಿಲ್ಲ. ಒಂದು ಮಳೆ, ಇನ್ನೊಂದು ಕಂಪನಿಗಳ ವಾರ್ಷಿಕ ವರದಿ. ನನ್ನಂಥ ಸಣ್ಣ ಪುಟ್ಟ ಷೇರುದಾರರ ಈಮೇಲಿಗೂ ನೂರಾರು ಪುಟದ ಪಿಡಿಎಫ್ ಬಂದು ಬೀಳುತ್ತದೆ. ಹೆಚ್ಚಿನವರು ತೆರೆದೂ ನೋಡುವುದಿಲ್ಲ. ನಾನು ಮಾತ್ರ ಒಂದು ಪುಟ ಹುಡುಕಿಯೇ ಹುಡುಕುತ್ತೇನೆ. ಸಾಹೇಬರ ಸಂಬಳ ನೌಕರರ ಸಂಬಳದ ಎಷ್ಟು ಪಟ್ಟು ಎಂದು ಹೇಳುವ ಪುಟ ಅದು.

2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು ಇದನ್ನು ಹೇಳಲೇಬೇಕು. ಲೆಕ್ಕವೇನೂ ಕಷ್ಟದ್ದಲ್ಲ. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವನ ಸಂಬಳ ತೆಗೆದುಕೊಳ್ಳಿ. ಮೇಲಿನವರಿಗೆ ಸಿಗುವುದು ಅದರ ಎಷ್ಟು ಪಟ್ಟು ಅಂತ ನೋಡಿ. ಅಷ್ಟೇ.

ನಮ್ಮ ಬೆಂಗಳೂರಿನ ಇನ್ಫೋಸಿಸ್ ತೆಗೆದುಕೊಳ್ಳೋಣ. 2024-25ರಲ್ಲಿ ಅದರ ಸಿಇಒ ಸಲೀಲ್ ಪಾರೇಖ್ ಅವರಿಗೆ ಸಂದದ್ದು 80.62 ಕೋಟಿ ರೂಪಾಯಿ. ನಡುವಿನ ನೌಕರನ ಸಂಬಳದ 752 ಪಟ್ಟು! ಅರ್ಧಕ್ಕಿಂತ ಹೆಚ್ಚು ಷೇರಿನ ರೂಪದಲ್ಲಿ ಬಂದದ್ದು ನಿಜ. ಆದರೂ ದಿನಕ್ಕೆ 22 ಲಕ್ಷ ಆಯಿತು. ನೌಕರನ ಇಡೀ ವರ್ಷದ ದುಡಿಮೆ ಸಾಹೇಬರ ಅರ್ಧ ದಿನಕ್ಕೆ ಸಮ. ಇದೇ ಕಂಪನಿಯಲ್ಲಿ 2017ರಲ್ಲಿ ಹಿರಿಯ ಅಧಿಕಾರಿಯೊಬ್ಬರ ಸಂಬಳ ಏರಿಸಿದಾಗ ಸ್ಥಾಪಕ ನಾರಾಯಣ ಮೂರ್ತಿಯವರೇ ಆಕ್ಷೇಪ ಎತ್ತಿದ್ದರು. ಉಳಿದವರಿಗೆ ಶೇ. 6-8ರಷ್ಟು ಏರಿಸಿ, ಮೇಲಿನವರಿಗೆ ಶೇ. 60-70ರಷ್ಟು ಏರಿಸುವುದು ಸರಿಯಲ್ಲ ಎಂಬುದು ಅವರ ವಾದವಾಗಿತ್ತು.

ಇರಲಿ. ನನ್ನ ತಕರಾರು 752ರ ಮೇಲಲ್ಲ. ಇನ್ಫೋಸಿಸ್ ಒಂದರ ಮೇಲೂ ಅಲ್ಲ. ಈ ಸಂಖ್ಯೆಯೊಳಗೆ ಯಾರಿಲ್ಲ ಎಂಬುದು ನನ್ನ ಪ್ರಶ್ನೆ.

ಲೋವರ್ ಪರೇಲ್‌ಗೆ ಹೋಗಿ ನೋಡಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರ ಹೂಡಿದ ಪ್ರದೇಶ ಅದು. ಆ ಮಿಲ್ಲುಗಳ ಜಾಗದಲ್ಲಿ ಈಗ ಮಾಲುಗಳು, ಗಾಜಿನ ಆಫೀಸುಗಳು. ಮಿಲ್ ಕಾರ್ಮಿಕ ಸೋತಿರಬಹುದು, ಆದರೆ ತನ್ನ ಮಾಲಿಕ ಯಾರು ಅಂತ ಅವನಿಗೆ ಗೊತ್ತಿತ್ತು. ಇವತ್ತು ಗಾಜಿನ ಕಟ್ಟಡದ ಗೇಟಿನಲ್ಲಿ ನಿಂತ ವಾಚ್‌ಮನ್, ಕಕ್ಕಸು ತೊಳೆಯುವ ಬಾಯಿ, ಕ್ಯಾಂಟೀನಿನ ಹುಡುಗ, ಇವರು ಯಾರ ನೌಕರರು? ಕೆಲಸ ಈ ಕಂಪನಿಯದು, ಪಗಾರ ಯಾವುದೋ ಏಜೆನ್ಸಿಯದು. ಹಾಗಾಗಿ ಆ ಸಾಲಿನಲ್ಲಿ ಅವರಿಗೆ ನಿಲ್ಲಲು ಜಾಗವೇ ಇಲ್ಲ.

ವಾಚ್‌ಮನ್‌ಗೆ ತಿಂಗಳಿಗೆ ಹದಿನೈದು ಸಾವಿರ ಎಂದೇ ಹಿಡಿಯಿರಿ. 80 ಕೋಟಿ ಪಡೆಯುವ ಸಾಹೇಬರು ಯಾರೇ ಇರಲಿ, ಅವರಿಗೂ ಇವನಿಗೂ ಅಂತರ ನಾಲ್ಕು ಸಾವಿರದ ನಾನೂರು ಪಟ್ಟು ದಾಟುತ್ತದೆ. ಇನ್ನೂ ತಮಾಷೆ ಕೇಳಿ. ಕಡಿಮೆ ಸಂಬಳದವರನ್ನೆಲ್ಲ ಗುತ್ತಿಗೆಗೆ ತಳ್ಳಿದಷ್ಟೂ ನಡುವಿನ ಸಂಬಳ ಮೇಲೇರಿ, ವರದಿಯಲ್ಲಿ ಅಂತರ ಕಡಿಮೆಯಾಗಿ ಕಾಣುತ್ತದೆ! ಬಡವರನ್ನು ಹೊರಗೆ ಹಾಕಿ ಬಡತನ ಕಡಿಮೆಯಾಯಿತು ಎಂದ ಹಾಗೆ.

ಮುಂಬಯಿಯ ನಮ್ಮವರ ಹೋಟೆಲುಗಳಲ್ಲೂ ಸಮಾನತೆ ಇತ್ತೆಂದು ನಾನು ಹೇಳುವುದಿಲ್ಲ. ಮಾಣಿಗಳು ಪಟ್ಟ ಪಾಡು ಅವರಿಗೇ ಗೊತ್ತು. ಆದರೆ ಗಲ್ಲಾದ ಮೇಲೆ ಕೂತ ಧಣಿಗೆ ಲೋಟ ತೊಳೆಯುವ ಹುಡುಗನ ಮುಖ ಕಾಣುತ್ತಿತ್ತು, ಹೆಸರು ಗೊತ್ತಿತ್ತು. ಹಸಿವಾದರೆ ಇಬ್ಬರಿಗೂ ಅದೇ ಸಾಂಬಾರು.

ಇಷ್ಟು ಕೊಡದಿದ್ದರೆ ಪ್ರತಿಭಾವಂತರು ಸಿಗುವುದಿಲ್ಲ ಅನ್ನುತ್ತಾರೆ. ಹೌದಾ? 2022-23ರಲ್ಲಿ ಸ್ಟೇಟ್ ಬ್ಯಾಂಕ್ ಅಧ್ಯಕ್ಷರ ಸಂಬಳ ಸುಮಾರು 37 ಲಕ್ಷ. ಎಚ್‌ಡಿಎಫ್‌ಸಿ ಬ್ಯಾಂಕ್ ಮುಖ್ಯಸ್ಥರದು ಹತ್ತು ಕೋಟಿಗೂ ಹೆಚ್ಚು. ಆ ವರ್ಷ ಸ್ಟೇಟ್ ಬ್ಯಾಂಕಿನ ಲಾಭ 50,000 ಕೋಟಿ ದಾಟಿತ್ತು, ಎಚ್‌ಡಿಎಫ್‌ಸಿ ಬ್ಯಾಂಕಿನದು 44,000 ಕೋಟಿ ಚಿಲ್ಲರೆ. ಬ್ಯಾಂಕು ಕೊಡುವ ಬಂಗಲೆಯ ಬೆಲೆ ಬೇರೆ, ಒಪ್ಪಿದೆ. ಆದರೂ ಸಂಬಳ ಕಡಿಮೆ ಎಂದು ಸ್ಟೇಟ್ ಬ್ಯಾಂಕ್ ಮುಳುಗಲಿಲ್ಲವಲ್ಲ!

ಹಾಗಂತ ಸಂಬಳಕ್ಕೆ ಸರಕಾರ ಕತ್ತರಿ ಹಾಕಲಿ ಅನ್ನುವವನೂ ನಾನಲ್ಲ. 1973-74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ. 97.75 ಇತ್ತು. ಅದರಿಂದ ಬಡವರಿಗೆ ಸಿಕ್ಕಿದ್ದೇನು? ಕಪ್ಪುಹಣ ಬೆಳೆಯಿತು. 2007ರ ಮೇ ತಿಂಗಳಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಉದ್ಯಮಿಗಳ ಸಭೆಯಲ್ಲೇ ನಿಂತು, ಮೇಲಿನವರ ಸಂಬಳ ಅತಿಯಾಗದಿರಲಿ ಎಂದು ಕೇಳಿಕೊಂಡಿದ್ದರು. ಬುದ್ಧಿಮಾತಿನಿಂದಲೂ ಏನೂ ಆಗಲಿಲ್ಲ.

ನಾನು ಕೇಳುವುದು ಒಂದೇ, ಅದೂ ಖರ್ಚಿಲ್ಲದ್ದು. ಆ ಸಾಲಿನಲ್ಲಿ ಗುತ್ತಿಗೆಯವರನ್ನೂ ನಿಲ್ಲಿಸಿ. ಹೊಸದಾಗಿ ತಲೆ ಎಣಿಸಬೇಕಾಗಿಯೂ ಇಲ್ಲ. ಸೆಬಿ ನಿಯಮದಂತೆ 2022-23ರಿಂದ ದೊಡ್ಡ ಒಂದು ಸಾವಿರ ಕಂಪನಿಗಳು ಕಾಯಂ ಅಲ್ಲದವರು ಎಷ್ಟು ಮಂದಿ, ಅವರಲ್ಲಿ ಬರೀ ಕನಿಷ್ಠ ವೇತನದವರು ಎಷ್ಟು ಎಂದು ವರದಿ ಮಾಡುತ್ತಲೇ ಇವೆ. ಒಂದು ಪುಟದಲ್ಲಿ ಇರುವ ಜನ ಇನ್ನೊಂದು ಪುಟಕ್ಕೆ ಬರುವಷ್ಟರಲ್ಲಿ ಮಾಯವಾಗುವುದೇಕೆ?

ನಿಮ್ಮಲ್ಲೂ ಹಲವರ ಹತ್ತಿರ ನಾಲ್ಕಾರು ಷೇರುಗಳಿರಬಹುದು. ವಾರ್ಷಿಕ ಸಭೆಗಳು ಈಗ ಹೆಚ್ಚಾಗಿ ವಿಡಿಯೋದಲ್ಲೇ ನಡೆಯುತ್ತವೆ, ಮೊದಲೇ ಹೆಸರು ಕೊಟ್ಟರೆ ಪ್ರಶ್ನೆ ಕೇಳಬಹುದು. ಲಾಭಾಂಶ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಗೇಟಿನ ವಾಚ್‌ಮನ್ ನಿಮ್ಮ ಲೆಕ್ಕದಲ್ಲಿ ಇದ್ದಾನಾ ಅಂತ ಈ ಸಲ ಒಬ್ಬರಾದರೂ ಕೇಳೋಣ. ಏನಂತೀರಿ?