ಕಾರ್ಪೆಟ್ ತೊಳೆಯುವ ಯಂತ್ರವೂ ವಾಟಿನ ಭ್ರಮೆಯೂ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ತಾನಾಗಿ ಹರಿದು ಬಾರದ ಎತ್ತರದ ಹೊಲಕ್ಕೆ ಪಂಪ್‌ಸೆಟ್ ಕೊಳ್ಳಲು ಹೊರಟ ನಮ್ಮ ಸಿದ್ದಾಪುರದ ರೈತ, ಅಂಗಡಿಯಲ್ಲಿ ‘ಎಷ್ಟು ಎಚ್‌ಪಿ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಎತ್ತರಕ್ಕೆ ನೀರು ಏರುತ್ತದೆ, ಆ ಎತ್ತರದಲ್ಲಿ ಎಷ್ಟು ನೀರು ಬೀಳುತ್ತದೆ ಎಂದು ಎರಡನ್ನೂ ಒಟ್ಟಿಗೆ ವಿಚಾರಿಸುತ್ತಾನೆ. ಐಎಸ್‌ಐ ಗುರುತಿನ ಪಂಪಿನ ಮೈಮೇಲಿನ ತಗಡಿನಲ್ಲಿ ಈ ಎರಡೂ ಅಂಕಿಗಳಿರುತ್ತವೆ. ಶಾಲೆಯ ಮೆಟ್ಟಿಲು ಹತ್ತದವರೂ ‘ಹೆಡ್ಡು’, ‘ಡಿಸ್ಚಾರ್ಜು’ ಎಂಬ ಮಾತುಗಳನ್ನು ಸಲೀಸಾಗಿ ಆಡುವುದನ್ನು ನೀವೂ ಕೇಳಿದ್ದೀರಿ.

ಆದರೆ ಅಂಥದೇ ರೈತನ ಮಗನೊಬ್ಬ, ನನ್ನ ಬಳಿ ಭೌತವಿಜ್ಞಾನ ಕಲಿತವನು, ಕಳೆದ ಬೇಸಿಗೆಯಲ್ಲಿ ಮನೆಗೆ ಬಂದು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು. “ಸರ್, ಇದು ಸಾವಿರದ ಆರುನೂರು ವಾಟ್ ಐತ್ರಿ, ಅದು ಬರೇ ಸಾವಿರದ ಇನ್ನೂರು. ರೇಟು ಮಾತ್ರ ಎರಡರದೂ ಒಂದೇ. ದೊಡ್ಡದು ತಗೊಳ್ಳೋದಲ್ರೀ ಶಾಣ್ಯಾತನ?” ಕಾರಟಗಿ, ಗಂಗಾವತಿ, ಸಿಂಧನೂರುಗಳ ಕಲ್ಯಾಣ ಮಂಟಪಗಳಲ್ಲಿ ಹಾಸುವ ಕಾರ್ಪೆಟ್ಟುಗಳನ್ನು ಸ್ಥಳಕ್ಕೇ ಹೋಗಿ ತೊಳೆದುಕೊಡುವ ಉದ್ಯೋಗ ಅವನ ಯೋಜನೆ. ಸಾಲದ ಅರ್ಜಿ ತಯಾರಾಗಿತ್ತು. ತಾಯಿಯ ಬಳೆಗಳೂ ಅಡವಿಗೆ ಹೊರಟಿದ್ದವು. ಆದುದರಿಂದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ನವಲಗುಂದದ ಹತ್ತಿ ಜಮಖಾನೆಯಂಥ ಹಾಸಿಗೆ ಈ ಯಂತ್ರ ಬೇಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಜೂಲಿಲ್ಲ, ಕೊಡವಿದರೆ ಧೂಳು ಉದುರುತ್ತದೆ. ಮಂಟಪದ ಕಾರ್ಪೆಟ್ಟಿನ ಕಥೆ ಅದಲ್ಲ. ಎರೆಮಣ್ಣು, ಅಕ್ಕಿ ಗಿರಣಿಯ ತೌಡಿನ ಧೂಳು, ಚೆಲ್ಲಿದ ಸಾರು, ಎಲ್ಲವೂ ಅದರ ಜೂಲಿನ ಬುಡಕ್ಕೆ ಇಳಿದು ಕೂರುತ್ತವೆ. ಯಂತ್ರವು ಸಾಬೂನು ನೀರನ್ನು ಒತ್ತಡದಿಂದ ಚಿಮ್ಮಿಸಿ, ಮರುಗಳಿಗೆಯಲ್ಲೇ ಕೊಳೆಯೊಡನೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಚಿಮ್ಮಿಸುವುದು ಸುಲಭ. ಎಳೆಯುವುದರಲ್ಲೇ ಯಂತ್ರದ ಯೋಗ್ಯತೆ ಇರುವುದು. ನೀರು ಉಳಿದರೆ ಕೆಳಗಿನ ಸೆಣಬಿನ ಹೆಣಿಗೆ ಒದ್ದೆಯಾಗಿಯೇ ಇದ್ದು, ಮುಗ್ಗಲು ವಾಸನೆ ಹಿಡಿದು, ಕಂದು ಕಲೆಗಳು ಮೇಲೇಳುತ್ತವೆ. ಮರುದಿನ ಮದುವೆಯಿದ್ದರೆ ಮಂಟಪದವರು ಅವನನ್ನು ಮತ್ತೆ ಕರೆಯುತ್ತಾರೆಯೇ?

‘ಎಳೆಯುವುದು’ ಎಂದೆನಾದರೂ, ಯಂತ್ರ ಯಾವುದನ್ನೂ ಎಳೆಯುವುದಿಲ್ಲ. ಒಳಗಿನ ಗಾಳಿಯನ್ನು ಹೊರದೂಡಿ ಒತ್ತಡ ತಗ್ಗಿಸುತ್ತದೆ. ಹೊರಗಿನ ವಾತಾವರಣವೇ ನೀರನ್ನು ಒಳಕ್ಕೆ ತಳ್ಳುತ್ತದೆ. ಟಾರಿಚೆಲ್ಲಿಯ ಪಾಠ ನೆನಪಿದೆಯಷ್ಟೆ: ವಾತಾವರಣ ಎತ್ತಿ ಹಿಡಿಯಬಲ್ಲ ನೀರಿನ ಕಂಬದ ಎತ್ತರ ಸುಮಾರು 10.3 ಮೀಟರು. ಈ ಯಂತ್ರಗಳ ಸಾಧಾರಣ ಎರಡು ಹಂತದ ಮೋಟಾರು 2ರಿಂದ 2.5 ಮೀಟರಿನಷ್ಟು, ಮೂರು ಹಂತದ್ದು 3 ಮೀಟರಿನ ಆಸುಪಾಸು ನೀರನ್ನು ಏರಿಸುತ್ತದೆ. ಹಂತವೆಂದರೆ ಒಂದೇ ದಂಡಕ್ಕೆ ಒಂದರ ಹಿಂದೊಂದು ಕೂರಿಸಿದ ರೆಕ್ಕೆಚಕ್ರಗಳು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿನಲ್ಲಿ ಇರುವಂತೆಯೇ.

ಈ ಎತ್ತರವೇ ಯಂತ್ರದ ‘ಹೆಡ್ಡು’. ಒಂದು ಸೆಕೆಂಡಿನಲ್ಲಿ ಅದು ಸಾಗಿಸುವ ಗಾಳಿಯ ಪ್ರಮಾಣವೇ ‘ಡಿಸ್ಚಾರ್ಜು’. ಎತ್ತರವು ಜೂಲಿನ ಬುಡದಿಂದ ನೀರನ್ನು ಬಿಡಿಸುತ್ತದೆ. ಗಾಳಿಯ ಹರಿವು ಬಿಡಿಸಿದ್ದನ್ನು ಕೊಳವೆಯುದ್ದಕ್ಕೂ ಹೊತ್ತು ತರುತ್ತದೆ. ಎರಡರಲ್ಲಿ ಯಾವುದು ಕಡಿಮೆಯಾದರೂ ಕಾರ್ಪೆಟ್ಟು ಒದ್ದೆಯಾಗಿಯೇ ಉಳಿಯುತ್ತದೆ. ವ್ಯಾಪಾರದ ಜಾಣತನ ಇರುವುದು ಇಲ್ಲಿಯೇ. ಕಾಗದದಲ್ಲಿ ಮುದ್ರಿಸುವ ಗರಿಷ್ಠ ಎತ್ತರವು ಬಾಯಿ ಪೂರ್ತಿ ಮುಚ್ಚಿದಾಗಿನದು, ಆಗ ಹರಿವು ಸೊನ್ನೆ. ಗರಿಷ್ಠ ಹರಿವು ಬಾಯಿ ಪೂರ್ತಿ ತೆರೆದಾಗಿನದು, ಆಗ ಎತ್ತರ ಸೊನ್ನೆ. ಎರಡು ಗರಿಷ್ಠಗಳೂ ಏಕಕಾಲಕ್ಕೆ ಎಂದೂ ದೊರೆಯವು. ಕೆಲಸ ನಡೆಯುವುದು ನಡುವಿನ ಎಲ್ಲೋ ಒಂದು ಬಿಂದುವಿನಲ್ಲಿ. ಅಲ್ಲಿನ ಒತ್ತಡವನ್ನೂ ಹರಿವನ್ನೂ ಗುಣಿಸಿದರೆ ಬರುವುದೇ ನಿಜವಾದ ಹೀರುಶಕ್ತಿ. ಡಬ್ಬಿಯ ಮೇಲಿನ 1600 ವಾಟ್ ಎಂಬುದು ಯಂತ್ರ ವಿದ್ಯುತ್ತನ್ನು ಎಷ್ಟು ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ದುಡಿಯುತ್ತದೆ ಎಂಬುದಲ್ಲ. ಹೆಚ್ಚು ಉಣ್ಣುವ ಎತ್ತು ಹೆಚ್ಚು ಉಳುತ್ತದೆ ಎಂದು ನಮ್ಮಲ್ಲಿ ಯಾರಾದರೂ ನಂಬಿದ್ದುಂಟೆ?

ಈ ಭ್ರಮೆ ನಮ್ಮದಷ್ಟೇ ಅಲ್ಲ. ಐರೋಪ್ಯ ಒಕ್ಕೂಟವು ಮನೆಬಳಕೆಯ ಒಣ ವ್ಯಾಕ್ಯೂಮ್ ಕ್ಲೀನರುಗಳ ವಾಟ್ ಮಿತಿಯನ್ನು 2014ರಲ್ಲಿ 1600ಕ್ಕಿಂತ ಕೆಳಕ್ಕೂ, 2017ರಲ್ಲಿ 900ಕ್ಕಿಂತ ಕೆಳಕ್ಕೂ ಇಳಿಸಿತು. ಕಡಿಮೆ ವಾಟಿನಲ್ಲೇ ಚೆನ್ನಾಗಿ ಗುಡಿಸುವ ಯಂತ್ರಗಳು ಮಾರುಕಟ್ಟೆಗೆ ಬಂದವು. ಅದೇ ಒಕ್ಕೂಟದ ದರ್ಜೆ ಚೀಟಿಯನ್ನು ಡೈಸನ್ ಕಂಪನಿ ಪ್ರಶ್ನಿಸಿತ್ತು. ಯಂತ್ರದ ಚೀಲ ಖಾಲಿಯಿರುವಾಗ ಪರೀಕ್ಷೆ ಮಾಡಿದರೆ ಅದು ನಿಜಬಳಕೆಯ ಪರೀಕ್ಷೆಯಾಗದು ಎಂದು 2018ರಲ್ಲಿ ಅಲ್ಲಿನ ನ್ಯಾಯಾಲಯ ಆ ಚೀಟಿಯ ನಿಯಮವನ್ನೇ ರದ್ದುಪಡಿಸಿತು. ಭಾರ ಹೊರಿಸದೆ ಎತ್ತನ್ನು ಪರೀಕ್ಷಿಸಬಾರದು ಎಂಬುದಷ್ಟೇ ಆ ತೀರ್ಪಿನ ತಿರುಳು ಎಂದು ನಾನು ತಿಳಿದಿದ್ದೇನೆ.

ನಾವು ಭಾರ ಹೊರಿಸಿಯೇ ನೋಡಿದೆವು. ಅವನು ಒಪ್ಪಿಗೆ ಪಡೆದು ಎರಡೂ ಯಂತ್ರಗಳನ್ನು ಒಂದು ದಿನಕ್ಕೆ ತಂದಿದ್ದ. ಗೌಂಡಿಗಳು ಮಟ್ಟ ಹಿಡಿಯಲು ಬಳಸುವ ಪಾರದರ್ಶಕ ಪೈಪನ್ನು ಮಹಡಿಯ ಗೋಡೆಗೆ ನೆಟ್ಟಗೆ ಕಟ್ಟಿ, ಕೆಳತುದಿಯನ್ನು ಬಣ್ಣದ ನೀರಿನ ಬಕೆಟ್ಟಿನಲ್ಲಿಟ್ಟು, ಮೇಲ್ತುದಿಯನ್ನು ಯಂತ್ರದ ಕೊಳವೆಗೆ ಗಾಳಿಯಾಡದಂತೆ ಬಿಗಿದೆವು. ದೊಡ್ಡ ವಾಟಿನದು ನೀರನ್ನು ಸುಮಾರು 2 ಮೀಟರು ಏರಿಸಿತು. ಚಿಕ್ಕದು ಅದಕ್ಕಿಂತ ಒಂದು ಗೇಣು ಮೇಲಕ್ಕೇ ಹೋಯಿತು. ಬಳಿಕ ಹಳೆಯ ಕಾರ್ಪೆಟ್ಟಿನ ಎರಡು ಸಮ ತುಂಡುಗಳನ್ನು ಪರಿಚಿತರ ಗಿರಣಿಯ ಕಾಟಾದಲ್ಲಿ ತೂಗಿ, ತಲಾ 5 ಲೀಟರು ನೀರುಣಿಸಿ, ಒಂದೊಂದನ್ನು ಒಂದೊಂದು ಯಂತ್ರದಿಂದ ಅಷ್ಟೇ ಹೊತ್ತು ಹೀರಿಸಿ ಮತ್ತೆ ತೂಗಿದೆವು. ಚಿಕ್ಕ ಯಂತ್ರ ಹೀರಿದ ತುಂಡಿನಲ್ಲಿ ಉಳಿದ ನೀರೇ ಕಡಿಮೆ. ಹುಡುಗನ ಮುಖ ನೋಡಬೇಕಿತ್ತು!

ಎರಡು ಮೋಟಾರುಗಳಿರುವ ಯಂತ್ರಗಳೂ ಇವೆ. ಅವನ್ನು ಸರಣಿಯಲ್ಲಿ ಜೋಡಿಸಿದರೆ ಎತ್ತರ ಹೆಚ್ಚುತ್ತದೆ, ಸಮಾಂತರದಲ್ಲಿ ಜೋಡಿಸಿದರೆ ಹರಿವು ಹೆಚ್ಚುತ್ತದೆ. ಕೊಳ್ಳುವವರು ಜೋಡಣೆ ಯಾವುದೆಂದು ಕೇಳಲೇಬೇಕು. ಇನ್ನೊಂದು ಮಾತು: ನೀರೆಳೆಯುವ ಯಂತ್ರದಲ್ಲಿ ಬೈಪಾಸ್ ಮೋಟಾರು ಇರಬೇಕು. ಅದರಲ್ಲಿ ಸುರುಳಿಯನ್ನು ತಂಪಾಗಿಸುವ ಗಾಳಿ ಬೇರೆ, ಹೀರುವ ತೇವದ ಗಾಳಿ ಬೇರೆ. ಕಾರ್ಬನ್ ಬ್ರಷ್ಷು ಸವೆಯುವುದು ಖಚಿತ. ಅದು ಗಂಗಾವತಿಯಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತದೆಯೇ ಎಂಬ ಪ್ರಶ್ನೆ ವಾಟಿಗಿಂತ ದೊಡ್ಡದು.

ನಮ್ಮೂರುಗಳಿಗೆ ಒಂದು ವಿಶೇಷ ತೊಡಕುಂಟು. ಕಾಗದದ ಅಂಕಿಗಳೆಲ್ಲ 230 ವೋಲ್ಟಿನವು. ಸಾಲು ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಮಂಟಪದ ಪ್ಲಗ್ಗಿನಲ್ಲಿ ಅಷ್ಟು ಸಿಗುವ ಭರವಸೆಯಿಲ್ಲ. ಅದರ ಮೇಲೆ ಐವತ್ತಡಿಯ ತೆಳು ವಯರು ಎಳೆದರೆ ಇನ್ನಷ್ಟು ಸೋರುತ್ತದೆ. ಈ ಮೋಟಾರಿನ ವೇಗ ವೋಲ್ಟೇಜಿನೊಡನೆ ಕುಗ್ಗುತ್ತದೆ. ನೀರಿನ ಎತ್ತರವು ವೇಗದ ವರ್ಗದೊಡನೆ ಕುಗ್ಗುತ್ತದೆ. ವೇಗ ಹತ್ತರಲ್ಲೊಂದು ಪಾಲು ತಗ್ಗಿದರೆ ಎತ್ತರ ಐದರಲ್ಲೊಂದು ಪಾಲು ಹೋಯಿತೆಂದೇ ಲೆಕ್ಕ. ದಪ್ಪ ವಯರಿಗೆ ಹಾಕುವ ದುಡ್ಡು, ಹೆಚ್ಚಿನ ವಾಟಿಗೆ ಹಾಕುವ ದುಡ್ಡಿಗಿಂತ ಸಾರ್ಥಕ.

ಪಂಪಿಗೆ ಇರುವ ತಗಡು ಈ ಯಂತ್ರಕ್ಕೂ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಷ್ಟು ಎತ್ತರದಲ್ಲಿ ಇಷ್ಟು ಹರಿವು ಎಂಬ ನಾಲ್ಕೈದು ಜೋಡಿ ಅಂಕಿಗಳನ್ನು ಮುದ್ರಿಸಲು ತಯಾರಕರಿಗೆ ಖರ್ಚೇನೂ ಇಲ್ಲ, ಏಕೆಂದರೆ ಮೋಟಾರು ಮಾಡುವವರ ಬಳಿ ಆ ಪಟ್ಟಿ ಇದ್ದೇ ಇರುತ್ತದೆ. ಕೇಳುವವರಿಲ್ಲದ್ದರಿಂದ ಅದು ಅಂಗಡಿಯವರೆಗೆ ಬರುವುದಿಲ್ಲ. ಸಾಲ ಮಾಡಿ ಯಂತ್ರ ಕೊಳ್ಳುವ ಹುಡುಗರಿಗೆ ವಾಟ್ ಎಂಬ ಒಂದೇ ಅಂಕಿ ತೋರಿಸಿ ಕಳಿಸುವುದು ನ್ಯಾಯವಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರ ಕೊಳ್ಳುವುದಿದ್ದರೆ ಆ ಪೈಪು ನಮ್ಮ ಮಹಡಿಯ ಗೋಡೆಯ ಮೇಲೆ ಇನ್ನೂ ಹಾಗೆಯೇ ಇದೆ. ಯಂತ್ರ ತೆಗೆದುಕೊಂಡು ಬನ್ನಿ. ಬಾಯಿ ಮುಚ್ಚಿದ ಯಂತ್ರವನ್ನು ಕೆಲವೇ ಸೆಕೆಂಡು ಓಡಿಸಿ ನಿಲ್ಲಿಸಬೇಕು, ಇಲ್ಲವಾದರೆ ಮೋಟಾರು ಕಾಯುತ್ತದೆ. ಬಕೆಟ್ಟಿನ ನೀರಿಗೆ ಬಣ್ಣ ಹಾಕುವ ಕೆಲಸವನ್ನು ಮೊಮ್ಮಗಳು ತನ್ನದೆಂದು ಹೇಳಿದ್ದಾಳೆ.